ಗಾಡಿಯ ನಾಡಿ ಪರೀಕ್ಷೆ

ವೈದ್ಯನಾದವನು ಮೊದಲು ರೋಗಿಯ ಕೈ ಹಿಡಿದು ನಾಡಿಯನ್ನು ಎಣಿಸುತ್ತಾನೆ. ಮದ್ದು ಕೊಡುವುದು ಅನಂತರದ ಮಾತು. ಯಂತ್ರಗಳ ವಿಷಯದಲ್ಲಿ ಮಾತ್ರ ನಾವು ಈ ಕ್ರಮವನ್ನು ಹಲವು ವೇಳೆ ತಲೆಕೆಳಗು ಮಾಡುತ್ತೇವೆ. ಗಾಡಿ ನಡುಗಿತೆಂದರೆ ಟಯರನ್ನು ಬದಲಿಸುತ್ತೇವೆ. ನಡುಕ ನಿಲ್ಲದಿದ್ದರೆ ಷಾಕ್ ಅಬ್ಸಾರ್ಬರನ್ನು ಬದಲಿಸುತ್ತೇವೆ. ಆಗಲೂ ನಿಲ್ಲದಿದ್ದರೆ ಗಾಡಿಯನ್ನೇ ಬದಲಿಸಲು ಹೊರಡುತ್ತೇವೆ. ಆದರೆ ನಡುಕವೂ ನಾಡಿಯಂತೆಯೇ ಎಣಿಸಬಹುದಾದ ವಸ್ತು. ಎಣಿಸಿದರೆ ಅದು ತನ್ನ ಹುಟ್ಟಿದ ಊರನ್ನು ತಾನೇ ಹೇಳುತ್ತದೆ. ಅದು ಹೇಗೆಂಬುದನ್ನು ನಾವು ಕಣ್ಣಾರೆ ಕಂಡ ಒಂದು ನಿದರ್ಶನದ ಮೂಲಕ ಇಲ್ಲಿ ವಿವರಿಸುತ್ತೇವೆ.

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ಎರಡೂ ಕಪಿಲೆಯ ದಡದ ಊರುಗಳು. ಕಬಿನಿಯೆಂದೂ ಕರೆಯಲ್ಪಡುವ ಈ ನದಿ ನಂಜನಗೂಡನ್ನು ಹಾದು, ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಈ ಎರಡು ಊರುಗಳ ನಡುವಣ ಒಂದು ಹಳ್ಳಿಯ ರೈತರೊಬ್ಬರು ನಮ್ಮ ಮಿತ್ರರು. ನಂಜನಗೂಡಿನ ರಸಬಾಳೆಯ ಕೀರ್ತಿ ಎಲ್ಲರಿಗೂ ತಿಳಿದದ್ದೇ. ಬೇರಿನಿಂದ ಹತ್ತುವ ಪನಾಮಾ ಸೊರಗು ರೋಗಕ್ಕೆ ತುತ್ತಾಗಿ ಆ ಬೆಳೆ ಬಹಳವಾಗಿ ಕುಗ್ಗಿದೆ. ಉಳಿಸಿಕೊಂಡಿರುವ ಕೆಲವರಲ್ಲಿ ಇವರೂ ಒಬ್ಬರು. ತಮ್ಮ ತೋಟದ ಗೊನೆಗಳನ್ನೂ ನೆರೆಯವರ ಗೊನೆಗಳನ್ನೂ ಒಂದೂವರೆ ಟನ್ ಹೊರಬಲ್ಲ ಪಿಕಪ್ ಗಾಡಿಯಲ್ಲಿ ಮೈಸೂರಿನ ಮಾರುಕಟ್ಟೆಗೆ ಸಾಗಿಸುವುದು ಅವರ ಕಸುಬು.

ಈ ಗಾಡಿಗೆ ಒಂದು ನಡುಕ ಅಂಟಿಕೊಂಡಿತು. ಗಂಟೆಗೆ 50 ಕಿಲೋಮೀಟರಿನವರೆಗೆ ಏನೂ ಇಲ್ಲ. 60 ದಾಟಿದೊಡನೆ ಆಸನವು ಅಕ್ಕಪಕ್ಕಕ್ಕೆ ತುಯ್ದಾಡಲು ತೊಡಗುವುದು. 70ರ ಸುಮಾರಿಗೆ ಸೊಂಟ ಹಿಡಿಯುವಷ್ಟು. ಹಿಂದೆ ಹೇರಿದ ಗೊನೆಗಳು ಒಂದಕ್ಕೊಂದು ಉಜ್ಜಿಕೊಂಡು, ಮಂಡಿ ಸೇರುವ ಹೊತ್ತಿಗೆ ಹಣ್ಣಿನ ಸಿಪ್ಪೆಯ ಮೇಲೆ ಕಪ್ಪು ಗೀರುಗಳು. ಗೀರು ಕಂಡ ವ್ಯಾಪಾರಿ ಬೆಲೆ ಇಳಿಸದೆ ಬಿಡುವನೇ? ನಮ್ಮ ಮಿತ್ರರು ಎರಡು ಟಯರು ಬದಲಿಸಿದರು, ನಾಲ್ಕೂ ಚಕ್ರಗಳನ್ನು ಮೂರು ಸಲ ಯಂತ್ರದ ಮೇಲಿಟ್ಟು ಸಮತೋಲ ಮಾಡಿಸಿದರು, ಷಾಕ್ ಅಬ್ಸಾರ್ಬರುಗಳನ್ನು ಹೊಸದಾಗಿ ಹಾಕಿಸಿದರು. ನಡುಕ ಹೋಗಲಿಲ್ಲ. ಕೊನೆಗೆ, "ಇನ್ನು ಸಾಕು ಸ್ವಾಮಿ, ಬಂದಷ್ಟಕ್ಕೆ ಮಾರಿಬಿಡ್ತೀನಿ. ಸಾಲ ಇನ್ನೂ ತೀರಿಲ್ಲ, ಆದರೂ ಮಾರ್ತೀನಿ" ಎಂದರು. ಮಾರುವುದಕ್ಕೆ ಮೊದಲು ಒಂದು ದಿನ ಗಾಡಿಯನ್ನು ನಮಗೆ ಒಪ್ಪಿಸಬೇಕೆಂದು ನಾವು ಕೇಳಿಕೊಂಡೆವು.

ತಿರುಗುವ ಭಾಗಗಳ ಲೆಕ್ಕ

ಗಾಡಿಯಲ್ಲಿ ತಿರುಗುವ ಭಾಗಗಳು ಮುಖ್ಯವಾಗಿ ಮೂರು: ಎಂಜಿನ್ನು, ಎಂಜಿನ್ನಿನ ಶಕ್ತಿಯನ್ನು ಹಿಂದಿನ ಅಚ್ಚಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟು, ಮತ್ತು ಚಕ್ರಗಳು. ಇವು ಮೂರೂ ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ. ಯಾವ ಭಾಗ ಕೆಟ್ಟಿದೆಯೋ ಅದು ತನ್ನ ಒಂದೊಂದು ಸುತ್ತಿಗೂ ಒಂದು ತಳ್ಳು ಕೊಡುತ್ತದೆ. ಎತ್ತಿನ ಗಾಡಿಯ ಚಕ್ರದ ಪಟ್ಟಿ ಒಂದೆಡೆ ಬಿಟ್ಟಿದ್ದರೆ ಸುತ್ತಿಗೊಮ್ಮೆ ಸದ್ದು ಕೇಳಿಸುವುದಿಲ್ಲವೇ? ಹಾಗೆಯೇ ಇದು. ಸೆಕೆಂಡಿಗೆ ಎಷ್ಟು ತಳ್ಳುಗಳೆಂಬ ಸಂಖ್ಯೆಯನ್ನು ಆವರ್ತಾಂಕವೆನ್ನುತ್ತಾರೆ. ಆವರ್ತಾಂಕ ತಿಳಿದರೆ ಕಳ್ಳನ ಹೆಜ್ಜೆಯ ಅಳತೆ ಸಿಕ್ಕಿದಂತೆ.

ಲೆಕ್ಕ ಸುಲಭ. ಟಯರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಗಾಡಿಯನ್ನು ಮೆಲ್ಲಗೆ ತಳ್ಳಿ, ಒಂದು ಸುತ್ತಿಗೆ ಅದು ನೆಲದ ಮೇಲೆ ಎಷ್ಟು ದೂರ ಸಾಗುವುದೆಂದು ಅಳೆದೆವು: 2.15 ಮೀಟರು. ಗಂಟೆಗೆ 72 ಕಿಲೋಮೀಟರೆಂದರೆ ಸೆಕೆಂಡಿಗೆ 20 ಮೀಟರು. 20ನ್ನು 2.15ರಿಂದ ಭಾಗಿಸಿದರೆ ಚಕ್ರವು ಸೆಕೆಂಡಿಗೆ 9.3 ಸುತ್ತು ತಿರುಗುತ್ತದೆಂದು ತಿಳಿಯುತ್ತದೆ. ಈ ಗಾಡಿಯಲ್ಲಿ ಚಕ್ರ ಒಂದು ಸುತ್ತು ಬರಬೇಕಾದರೆ ಶಾಫ್ಟು 4.1 ಸುತ್ತು ತಿರುಗಬೇಕು. ಆದ್ದರಿಂದ ಶಾಫ್ಟಿನ ವೇಗ ಸೆಕೆಂಡಿಗೆ ಸುಮಾರು 38 ಸುತ್ತು. ನಾಲ್ಕನೆಯ ಗೇರಿನಲ್ಲಿ ಎಂಜಿನ್ನೂ ಶಾಫ್ಟೂ ಒಂದೇ ವೇಗದಲ್ಲಿ ತಿರುಗುತ್ತವೆ. ಐದನೆಯ ಗೇರಿನಲ್ಲಿ ಎಂಜಿನ್ನು ಕೊಂಚ ನಿಧಾನವಾಗುತ್ತದೆ.

ಇನ್ನೆರಡು ಸಂಖ್ಯೆಗಳನ್ನೂ ಇಲ್ಲಿಯೇ ಹೇಳಿಬಿಡಬೇಕು. ಶಾಫ್ಟಿನ ತುದಿಗಳಲ್ಲಿ 'ಕ್ರಾಸ್' ಎಂದು ಮೆಕ್ಯಾನಿಕ್ಕುಗಳು ಕರೆಯುವ ಕೀಲುಗಳಿವೆ. 17ನೆಯ ಶತಮಾನದ ಇಂಗ್ಲಿಷ್ ವಿಜ್ಞಾನಿ ರಾಬರ್ಟ್ ಹುಕ್ ಈ ಕೀಲನ್ನು ಕುರಿತು ಆಳವಾಗಿ ಯೋಚಿಸಿದ್ದನು. ಇಂದಿಗೂ ಅದಕ್ಕೆ ಅವನ ಹೆಸರುಂಟು. ಇದು ಓರೆಯಾಗಿ ಕೆಲಸ ಮಾಡುವಾಗ ಒಂದು ಸುತ್ತಿನಲ್ಲಿ ಎರಡು ಬಾರಿ ವೇಗ ಹೆಚ್ಚಿಸಿ ಎರಡು ಬಾರಿ ತಗ್ಗಿಸುತ್ತದೆ. ಎರಡು ತುದಿಗಳ ಓರೆ ಸಮನಾಗಿದ್ದು, ಕೀಲುಗಳನ್ನು ಸರಿಯಾದ ದಿಕ್ಕಿನಲ್ಲಿ ಜೋಡಿಸಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ನುಂಗಿಹಾಕುತ್ತದೆ. ಸಮನಿಲ್ಲದಿದ್ದರೆ ಸೆಕೆಂಡಿಗೆ 76ರ ನಡುಕ. ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ನಿನಲ್ಲಿಯೂ ಒಂದು ಸುತ್ತಿಗೆ ಎರಡು ಸ್ಫೋಟಗಳಾಗುವುದರಿಂದ ಅದೂ 76ನ್ನೇ ಕೊಡುತ್ತದೆ.

ಹೀಗೆ ಅನುಮಾನಿತರ ಪಟ್ಟಿ ನಮ್ಮ ಕೈಗೆ ಬಂದಿತು: 9 ಆದರೆ ಚಕ್ರದ ಕಡೆ, 38 ಆದರೆ ಶಾಫ್ಟು ಅಥವಾ ಎಂಜಿನ್ನು, 76 ಆದರೆ ಕೀಲುಗಳು ಅಥವಾ ಎಂಜಿನ್ನಿನ ಸ್ಫೋಟ.

ರಸ್ತೆಯ ಮೇಲೆ ಪರೀಕ್ಷೆ

ಮುಂಜಾನೆ ಜನಸಂಚಾರವಿಲ್ಲದ ವೇಳೆಯಲ್ಲಿ, ಮೈಸೂರು–ನಂಜನಗೂಡು ಹೆದ್ದಾರಿಯ ನೇರವಾದ ಒಂದು ಭಾಗದಲ್ಲಿ ಗಾಡಿಯನ್ನು ಓಡಿಸಿದೆವು. ಇಂದು ಹಲವರ ಜೇಬಿನಲ್ಲಿರುವ ಮೊಬೈಲ್ ಫೋನಿನಲ್ಲಿ ಅಲುಗಾಟವನ್ನು ಅಳೆಯುವ ಸೂಕ್ಷ್ಮ ಸಾಧನವೊಂದಿದೆ. ಅಂಥ ಫೋನನ್ನು ಆಸನದ ಕೆಳಗೆ ನೆಲಕ್ಕೆ ಬಿಗಿಯಾಗಿ ಅಂಟಿಸಿದೆವು. ಇಲ್ಲೊಂದು ಎಚ್ಚರಿಕೆ ಬೇಕು. ಸೆಕೆಂಡಿಗೆ 100 ಬಾರಿ ಅಳೆಯುವ ಸಾಧನ 50ರವರೆಗಿನ ಆವರ್ತಾಂಕವನ್ನಷ್ಟೇ ನಂಬಿಕೆಗೆ ತಕ್ಕಂತೆ ತೋರಿಸಬಲ್ಲದು. ಅದಕ್ಕಿಂತ ಹೆಚ್ಚಿನದು ಸುಳ್ಳು ವೇಷ ತೊಟ್ಟು ಬರುತ್ತದೆ. 76ರ ನಡುಕ 24ರಂತೆ ಕಾಣಬಹುದು. ಆದರೆ 9 ಮತ್ತು 38ನ್ನು ಬೇರ್ಪಡಿಸಲು ಅಡ್ಡಿಯಿಲ್ಲ. ಫೋನಿಲ್ಲದವರಿಗೆ ಮೈಯೇ ಸಾಧನ: 9ರ ನಡುಕದಲ್ಲಿ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ತಿಳಿಯುತ್ತದೆ, 38ರ ನಡುಕ ಪಾದಕ್ಕೆ ಜುಮ್ಮೆನ್ನುವ ಒಂದೇ ಗುಂಯ್‌ಗುಟ್ಟುವಿಕೆಯಾಗಿ ಮುಟ್ಟುತ್ತದೆ.

ಗಂಟೆಗೆ 72 ಕಿಲೋಮೀಟರಿನಲ್ಲಿ ಫೋನು 9ರ ಸುಮಾರಿಗೆ ಎತ್ತರದ ಶಿಖರವೊಂದನ್ನು ತೋರಿಸಿತು. ಅದೂ ಮೇಲೆ ಕೆಳಗಿನ ದಿಕ್ಕಿಗಿಂತ ಅಡ್ಡದಿಕ್ಕಿನಲ್ಲಿ ಹೆಚ್ಚಾಗಿ. 54ಕ್ಕೆ ಇಳಿಸಿದಾಗ ಶಿಖರ ಕುಗ್ಗಿ 7ಕ್ಕೆ ಸರಿಯಿತು. ವೇಗ ಮುಕ್ಕಾಲಾದಾಗ ಆವರ್ತಾಂಕವೂ ಮುಕ್ಕಾಲಾಯಿತೆಂದರೆ ತಳ್ಳುತ್ತಿರುವುದು ತಿರುಗುವ ವಸ್ತುವೇ ಎಂಬುದು ಖಚಿತ. ಬೇರೆ ಗೇರಿಗೆ ಬದಲಿಸಿ ಅದೇ ವೇಗದಲ್ಲಿ ಓಡಿಸಿದೆವು, ವ್ಯತ್ಯಾಸವಿಲ್ಲ. ಎಂಜಿನ್ನನ್ನು ಆರಿಸದೆ ಗೇರನ್ನು ನ್ಯೂಟ್ರಲ್‌ಗೆ ತಂದು ಕೆಲವು ಕ್ಷಣ ಗಾಡಿಯನ್ನು ತನ್ನಷ್ಟಕ್ಕೆ ಹರಿಯಬಿಟ್ಟೆವು. ಆಗಲೂ ಅದೇ ನಡುಕ. ಎಂಜಿನ್ನು ನಿರಪರಾಧಿ. ಈ ಪರೀಕ್ಷೆಯಲ್ಲಿ ಎಂಜಿನ್ನನ್ನು ಎಂದಿಗೂ ಆರಿಸಬಾರದು. ಆರಿಸಿದರೆ ಬ್ರೇಕೂ ಸ್ಟೀರಿಂಗೂ ಗಡುಸಾಗಿ ಅಪಾಯವಾದೀತು. ಒಂದು ಟನ್ ಹೇರಿ ಓಡಿಸಿದಾಗ ಪಟ್ಟಿ ಕಮಾನುಗಳು ತಗ್ಗಿ ಶಾಫ್ಟಿನ ಓರೆ ಬದಲಾಯಿತು. ನಡುಕದ ಸ್ವರೂಪ ಬದಲಾಗಲಿಲ್ಲ. ಕೀಲುಗಳೂ ಪಟ್ಟಿಯಿಂದ ಹೊರಬಿದ್ದವು.

ಉಳಿದದ್ದು ಚಕ್ರ. ಆದರೆ ಚಕ್ರಗಳನ್ನು ಮೂರು ಸಲ ಸಮತೋಲ ಮಾಡಿಸಿಯಾಗಿತ್ತಷ್ಟೆ! ಸಮಸ್ಯೆಯ ಗಂಟು ಇದ್ದುದು ಇಲ್ಲಿಯೇ.

ವೇಗದ ವರ್ಗ

ಸಮತೋಲವೆಂದರೇನೆಂಬುದನ್ನು ಸ್ವಲ್ಪ ನೋಡೋಣ. ಚಕ್ರದ ಅಂಚಿನಲ್ಲಿ, ಕೇಂದ್ರದಿಂದ 20 ಸೆಂಟಿಮೀಟರು ದೂರದಲ್ಲಿ, 50 ಗ್ರಾಂ ತೂಕ ಹೆಚ್ಚಾಗಿದೆಯೆಂದು ಇಟ್ಟುಕೊಳ್ಳಿ. ಗಾಡಿ 72 ಕಿಲೋಮೀಟರು ವೇಗದಲ್ಲಿರುವಾಗ ಈ ಪುಟ್ಟ ತೂಕ ಸುಮಾರು ಮೂರೂವರೆ ಕಿಲೋಗ್ರಾಂ ಭಾರದಷ್ಟು ಬಲದಿಂದ ಹೊರಕ್ಕೆ ಎಳೆಯುತ್ತದೆ. 36ಕ್ಕೆ ಇಳಿಸಿದರೆ ಬಲ ಅರ್ಧವಾಗುವುದಿಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ಏಕೆಂದರೆ ಅದು ವೇಗದ ವರ್ಗವನ್ನು ಅನುಸರಿಸುತ್ತದೆ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ರಥಗಳನ್ನು ಎಳೆಯುತ್ತಾರೆ. ಮಹಾರಥದ ಮರದ ಗಾಲಿಗಳಲ್ಲಿ ಒಂದೆಡೆ ತೂಕ ಹೆಚ್ಚಿದ್ದರೂ ಈ ಬಲ ಯಾರಿಗೂ ತಿಳಿಯದು. ರಥ ಸಾಗುವುದು ಆಳಿನ ನಡಿಗೆಗಿಂತ ನಿಧಾನವಾಗಿ. ವೇಗವೇ ದೋಷಕ್ಕೆ ನಾಲಗೆ ಕೊಡುವುದು.

ಅದರ ಜೊತೆಗೆ ಅನುನಾದವೂ ಸೇರುತ್ತದೆ. ಉಯ್ಯಾಲೆಯನ್ನು ಅದರದೇ ಲಯಕ್ಕೆ ಸರಿಯಾಗಿ ತಳ್ಳಿದರೆ ಅದು ಏರುತ್ತಲೇ ಹೋಗುತ್ತದೆ. ಕಮಾನು ಮತ್ತು ಟಯರುಗಳ ನಡುವೆ ತೂಗುವ ಅಚ್ಚಿಗೂ ತನ್ನದೇ ಲಯವುಂಟು. ಅದು ಸಾಮಾನ್ಯವಾಗಿ ಸೆಕೆಂಡಿಗೆ 10ರಿಂದ 15. ಚಕ್ರದ ತಳ್ಳು ಈ ಲಯವನ್ನು ಸಮೀಪಿಸಿದಾಗ ಸಣ್ಣ ದೋಷವೂ ದೊಡ್ಡ ನಡುಕವಾಗುತ್ತದೆ.

ಚಕ್ರವೋ, ಚಕ್ರ ಕೂರುವ ಪೀಠವೋ?

ಈಗ ಅತಿ ಸರಳವಾದ ಪ್ರಯೋಗವನ್ನು ಮಾಡಿದೆವು. ಮುಂದಿನ ಚಕ್ರಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿದೆವು. ದೋಷ ಚಕ್ರದಲ್ಲಿದ್ದರೆ ನಡುಕವೂ ಮುಂದಕ್ಕೆ ಬಂದು ಸ್ಟೀರಿಂಗಿನಲ್ಲಿ ಕಾಣಿಸಬೇಕಾಗಿತ್ತು. ಹಾಗಾಗಲಿಲ್ಲ, ಅದು ಹಿಂದೆಯೇ ಉಳಿಯಿತು. ಎಂದರೆ ದೋಷ ಚಕ್ರದ್ದಲ್ಲ, ಚಕ್ರ ಕೂರುವ ಸ್ಥಳದ್ದು.

ಮುಂದಿನ ಚಕ್ರಗಳಿಗೆ ಎರಡು ಕಡೆಯೂ ಕಲ್ಲು ಕೊಟ್ಟು, ಹಿಂದಿನ ಅಚ್ಚನ್ನು ಜಾಕಿಯಿಂದ ಎತ್ತಿ, ಜಾಕಿಯೊಂದನ್ನೇ ನಂಬದೆ ಕೆಳಗೆ ಗಟ್ಟಿ ಆಸರೆಯನ್ನಿಟ್ಟು, ಕೈಬ್ರೇಕನ್ನು ಬಿಡಿಸಿದೆವು. ಸೀಮೆಸುಣ್ಣದ ತುಂಡನ್ನು ಒಂದು ಕಲ್ಲಿನ ಮೇಲೆ ಅಲುಗದಂತೆ ಇಟ್ಟು ಟಯರಿನ ಪಕ್ಕಕ್ಕೆ ತಾಗುವಂತೆ ಹಿಡಿದು ಚಕ್ರವನ್ನು ಕೈಯಿಂದ ತಿರುಗಿಸಿದೆವು. ಬಲಗಡೆಯ ಚಕ್ರ ಸುತ್ತಲೂ ಒಂದೇ ಸಮನಾದ ಗೆರೆಯನ್ನು ಪಡೆಯಿತು. ಎಡಗಡೆಯದು ಒಂದು ಪಾರ್ಶ್ವದಲ್ಲಿ ಮಾತ್ರ ಗೆರೆಯನ್ನು ಪಡೆದು, ಎದುರು ಪಾರ್ಶ್ವದಲ್ಲಿ ಸುಮಾರು 3 ಮಿಲಿಮೀಟರು ದೂರ ಸರಿಯಿತು. ಅದನ್ನು ಬಿಚ್ಚಿ, ಆರು ಬೋಲ್ಟುಗಳಲ್ಲಿ ಮೂರು ಬೋಲ್ಟು ಮುಂದಕ್ಕೆ ತಿರುಗಿಸಿ ಮತ್ತೆ ಹಾಕಿದೆವು. ಓರೆಯು ಚಕ್ರದೊಡನೆ ತಿರುಗಲಿಲ್ಲ. ಹಬ್ಬಿನ ಮೇಲೆ ಹಾಕಿದ ಗುರುತಿನ ಬಳಿಯೇ ನಿಂತಿತು.

ಚಕ್ರವನ್ನು ತೆಗೆದು ಹಬ್ಬಿನ ಮುಖವನ್ನು ಬೆಳಕಿನಲ್ಲಿ ನೋಡಿದಾಗ ಕಾರಣ ಕಂಡಿತು: ಒಂದು ಬೋಲ್ಟಿನ ಬುಡದಲ್ಲಿ ತುಕ್ಕು ಮತ್ತು ಮಣ್ಣು ಸೇರಿ ಕಲ್ಲಾಗಿದ್ದ, ಮುಕ್ಕಾಲು ಮಿಲಿಮೀಟರು ದಪ್ಪದ ಒಂದು ಹೊಪ್ಪಳಿಕೆ. ನಮ್ಮ ಮಿತ್ರರಿಗೆ ಆಗ ನೆನಪಾಯಿತು. ಹಿಂದಿನ ಮಳೆಗಾಲದಲ್ಲಿ ನರಸೀಪುರದ ಹತ್ತಿರ ಗದ್ದೆಯ ಬದಿಯಲ್ಲಿ ಟಯರು ಪಂಕ್ಚರಾಗಿ, ಕೆಸರಿನಲ್ಲಿಯೇ ಸ್ಟೆಪ್ನಿಯನ್ನು ಹಾಕಿಕೊಂಡು ಬಂದಿದ್ದರು. ನಡುಕ ಆರಂಭವಾದದ್ದು ಅದಾದ ಮೇಲೆ.

ಮುಕ್ಕಾಲು ಮಿಲಿಮೀಟರು 3 ಮಿಲಿಮೀಟರಾದದ್ದು ಹೇಗೆ? ಹಬ್ಬಿನ ಮುಖದ ಅಗಲ ಸುಮಾರು 18 ಸೆಂಟಿಮೀಟರು, ಟಯರಿನ ವ್ಯಾಸ ಸುಮಾರು 68. ಒಳಗಿನ ಓರೆ ಹೊರಗೆ ಬರುವಷ್ಟರಲ್ಲಿ ನಾಲ್ಕು ಪಟ್ಟು ಸಮೀಪಕ್ಕೆ ಬೆಳೆಯುತ್ತದೆ. ಓರೆಯಾಗಿ ಸುತ್ತುವ ಚಕ್ರ ಅಚ್ಚನ್ನು ಮೇಲೆ ಕೆಳಗೆ ಎತ್ತುವುದಕ್ಕಿಂತ ಹೆಚ್ಚಾಗಿ ಅಕ್ಕಪಕ್ಕಕ್ಕೆ ತಿರುಚುತ್ತದೆ. ಆಸನ ಅಡ್ಡಕ್ಕೆ ತುಯ್ದದ್ದೂ ಗೊನೆಗಳು ಉಜ್ಜಿಕೊಂಡದ್ದೂ ಇದರಿಂದಲೇ. ಸಮತೋಲದ ಯಂತ್ರ ಇದನ್ನು ಮೂರು ಸಲವೂ ಕಾಣದಿದ್ದುದೇಕೆ? ಆ ಯಂತ್ರ ಚಕ್ರವನ್ನು ತನ್ನದೇ ಆದ ಅಚ್ಚಿನ ಮೇಲೆ ನೆಟ್ಟಗೆ ಕೂರಿಸಿಕೊಂಡು ತೂಗುತ್ತದೆ. ಗಾಡಿಯ ಹಬ್ಬು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಯಂತ್ರ ಸುಳ್ಳು ಹೇಳಲಿಲ್ಲ. ನಾವು ಕೇಳಿದ ಪ್ರಶ್ನೆಯೇ ಬೇರೆಯಾಗಿತ್ತು.

ಪರಿಹಾರ

ತಂತಿ ಬ್ರಷ್ಷಿನಿಂದ ಹಬ್ಬಿನ ಮುಖವನ್ನೂ ಚಕ್ರದ ಡಿಸ್ಕಿನ ಒಳಮುಖವನ್ನೂ ಉಜ್ಜಿ ಲೋಹ ಹೊಳೆಯುವಂತೆ ಮಾಡಿದೆವು. ನಟ್ಟುಗಳನ್ನು ಒಂದರ ಪಕ್ಕದ್ದೊಂದಲ್ಲದೆ, ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿದೆವು. ಸೀಮೆಸುಣ್ಣ ಈಗ ಸುತ್ತಲೂ ಗೆರೆ ಎಳೆಯಿತು. ಹೆದ್ದಾರಿಯಲ್ಲಿ 72ಕ್ಕೆ ಏರಿಸಿದಾಗ ಫೋನಿನ ಶಿಖರ ಗುಡ್ಡೆಯಷ್ಟಾಗಿತ್ತು. ಖರ್ಚಾದದ್ದು ಒಂದು ಬ್ರಷ್ಷಿನ ಬೆಲೆ. ನೂರು ಕಿಲೋಮೀಟರು ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿದು ನೋಡಿದೆವು. ಇದನ್ನು ಯಾರೂ ಮರೆಯಬಾರದು. ಕೊಳೆಯ ಮೇಲೆ ಕುಳಿತ ಚಕ್ರದ ನಟ್ಟು ಕೊಳೆ ಪುಡಿಯಾದಂತೆ ಸಡಿಲಗೊಳ್ಳುತ್ತದೆ. ಆಗ ಅಪಾಯ ಬಾಳೆಹಣ್ಣಿಗೆ ಮಾತ್ರವಲ್ಲ, ಪ್ರಾಣಕ್ಕೇ.

ಎಲ್ಲ ನಡುಕಕ್ಕೂ ಹಬ್ಬಿನ ತುಕ್ಕೇ ಕಾರಣವೆಂದು ಓದುಗರು ತಿಳಿಯಬಾರದು. ಚಕ್ರಗಳನ್ನು ಅದಲುಬದಲು ಮಾಡಿದಾಗ ನಡುಕವೂ ಸ್ಥಳ ಬದಲಿಸಿದರೆ ದೋಷ ಟಯರಿನದು ಅಥವಾ ಡಿಸ್ಕಿನದು. ಸಮತೋಲ ಸರಿಯಿದ್ದರೂ ಟಯರು ದುಂಡಗಿಲ್ಲದಿರಬಹುದು, ಅಥವಾ ಅದರ ಒಂದು ಭಾಗ ಉಳಿದುದಕ್ಕಿಂತ ಗಡುಸಾಗಿರಬಹುದು. ಅದನ್ನು ಡಿಸ್ಕಿನ ಮೇಲೆ ಅರ್ಧ ಸುತ್ತು ಸರಿಸಿ ಹಾಕಿಸಿದರೆ ಎಷ್ಟೋ ವೇಳೆ ಗುಣ ಕಾಣುತ್ತದೆ. ಆವರ್ತಾಂಕ 38ರಂತೆ ಬಂದು, ಗೇರು ಬದಲಿಸಿದರೂ ಬದಲಾಗದಿದ್ದರೆ ಶಾಫ್ಟನ್ನೂ ಅದರ ನಡುವಿನ ಬೇರಿಂಗನ್ನೂ ನೋಡಬೇಕು. ಗೇರಿನೊಡನೆ ಬದಲಾದರೆ ಎಂಜಿನ್ನನ್ನು.

ಮನುಷ್ಯನ ದೇಹ ಸೆಕೆಂಡಿಗೆ 4ರಿಂದ 8 ಬಾರಿಯ ಮೇಲೆ ಕೆಳಗಿನ ನಡುಕವನ್ನು ಎಲ್ಲಕ್ಕಿಂತ ಕಡಿಮೆ ಸಹಿಸುತ್ತದೆ. ವರ್ಷಗಟ್ಟಲೆ ಚಕ್ರ ಹಿಡಿದು ಕೂರುವವರ ಬೆನ್ನುನೋವಿಗೆ ನಡುಕವೂ ಒಂದು ಕಾರಣ. ಆದ್ದರಿಂದ ಇದನ್ನು 'ಹಳೆಯ ಗಾಡಿಯ ಚಾಳಿ' ಎಂದು ಸುಮ್ಮನಾಗುವುದು ಸಲ್ಲದು. ವೇಗವನ್ನು ಬರೆದುಕೊಳ್ಳಿ, ಸುತ್ತನ್ನು ಎಣಿಸಿ, ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡಿ. ನಮ್ಮ ಮಿತ್ರರ ಗಾಡಿ ಮಾರಾಟವಾಗಲಿಲ್ಲ. ಮುಂದಿನ ವಾರ ಮೈಸೂರಿಗೆ ಹೋದ ಗೊನೆಗಳಲ್ಲಿ ಗೀರು ಕಾಣಲಿಲ್ಲವೆಂದು ಅವರೇ ಬಂದು ತಿಳಿಸಿದರು. ಬರುವಾಗ ಒಂದು ಚಿಪ್ಪು ರಸಬಾಳೆಯನ್ನೂ ತಂದಿದ್ದರು.