ಮಣ್ಣಿನ ಗೋಡೆಯ ಬುಡ ನೋಡಿರಿ

2019ರ ಆಗಸ್ಟ್ ತಿಂಗಳ ಮಳೆ-ನೆರೆಗೆ ಬೆಳಗಾವಿ ಜಿಲ್ಲೆಯಲ್ಲಿ ಎಷ್ಟೋ ಮಣ್ಣಿನ ಮನೆಗಳು ಕುಸಿದವು. ನೆರೆ ಬಾರದ ಊರಿನಲ್ಲೂ ಗೋಡೆಗೆ ಅಪಾಯವುಂಟು. ಸೂರಿನ ನೀರು ಅಂಗಳಕ್ಕೆ ಬಿದ್ದು ಸಿಡಿದು ಗೋಡೆಯ ಬುಡವನ್ನೇ ಮೊದಲು ತಿನ್ನುತ್ತದೆ.

ಆದ್ದರಿಂದ ಬೇಸಿಗೆಯಲ್ಲೇ ಬುಡವನ್ನು ತಟ್ಟಿ ನೋಡಿರಿ. ಪೊಳ್ಳು ಶಬ್ದ ಬಂದರೆ ಸಡಿಲ ಮಣ್ಣನ್ನು ಕೆರೆದು, ನೀರು ಚಿಮುಕಿಸಿ, ಹುಲ್ಲು ಕಲಸಿ ಕೊಳೆಸಿದ ಮಣ್ಣನ್ನು ಒತ್ತಿ ತುಂಬಿರಿ. ಭದ್ರವಾಗಲೆಂದು ಸಿಮೆಂಟು ಬಳಿಸುವವರುಂಟು. ಅದು ಬೇಡ. ಒಳಗಿನ ತೇವ ಹೊರಬರಲಾರದೆ ಮಣ್ಣು ಅದರ ಹಿಂದೆಯೇ ಮೆತ್ತಗಾಗುತ್ತದೆ. ಹೊರಗೆ ಮಾತ್ರ ಗೋಡೆ ಚೆನ್ನಾಗಿಯೇ ಕಾಣುತ್ತಿರುತ್ತದೆ!

ಹೊಸದಾಗಿ ಜಗಲಿ ಕಟ್ಟಿಸುವವರು 1½ ಅಡಿ ಕಲ್ಲಿನ ತಳ ಹಾಕಿಸಿ, ಸೂರನ್ನು 2 ಅಡಿ ಮುಂದಕ್ಕೆ ಚಾಚಿಸಲಿ. ಗೋಡೆ ಈಗಾಗಲೇ ವಾಲಿದ್ದರೆ ತೇಪೆ ಸಾಲದು. ಊರೆಗೋಲು ಕೊಟ್ಟು, ಮಕ್ಕಳ ಹಾಸಿಗೆಯನ್ನು ಇಂದೇ ಅಲ್ಲಿಂದ ಬೇರೆ ಕಡೆಗೆ ಸರಿಸಿರಿ.