ಮಾತು ತಡವಾದರೆ ಮೊದಲು ಕಿವಿ ನೋಡಿಸಿ

ಪ್ರಶ್ನೆ: ನನ್ನ ಮಗನಿಗೆ 22 ತಿಂಗಳು. ‘ಅಮ್ಮ’, ‘ತಾತ’ ಬಿಟ್ಟರೆ ಬೇರೆ ಮಾತಿಲ್ಲ. ‘ಇವನಪ್ಪನೂ ಮೂರು ವರ್ಷಕ್ಕೇ ಬಾಯಿ ಬಿಟ್ಟಿದ್ದು’ ಎನ್ನುವ ಅತ್ತೆ, ಬಜೆ ತೇಯ್ದು ನೆಕ್ಕಿಸುತ್ತಾರೆ. ಮನೆಯಲ್ಲಿ ಕನ್ನಡ, ತೆಲುಗು ಎರಡೂ ಆಡುತ್ತೇವೆ. ಅದರಿಂದ ಹೀಗಾಗಿದೆಯೇ? ಇನ್ನೂ ಸ್ವಲ್ಪ ದಿನ ನೋಡಬಹುದೇ?
– ಹೆಸರು ಬೇಡ, ಮಾಕಳಿ

ಉತ್ತರ: ಗಾಬರಿ ಬೇಡ, ಕಾಯುವುದೂ ಬೇಡ. ಎರಡು ವರ್ಷ ತುಂಬುವ ಹೊತ್ತಿಗೆ ಮಗು ‘ಅಮ್ಮ ಬಾ’, ‘ಹಾಲು ಬೇಕು’ ಎಂದು ಎರಡು ಪದ ಜೋಡಿಸಬೇಕು. 22 ತಿಂಗಳಿಗೆ ಎರಡೇ ಪದವೆಂದರೆ ತಪಾಸಣೆ ಆಗಲೇಬೇಕು. ತಡವಾಗಿ ಮಾತಾಡುವುದು ಕೆಲವು ಮನೆತನಗಳಲ್ಲಿ ಇರುವುದು ನಿಜ. ಆದರೆ ನಿಮ್ಮ ಮಗನದೂ ಅದೇ ಎಂದು ಪರೀಕ್ಷೆಯಿಲ್ಲದೆ ಹೇಳಲಾಗದು. ಎರಡು ಭಾಷೆ ಇದಕ್ಕೆ ಕಾರಣವಲ್ಲ, ಎರಡನ್ನೂ ಆಡಿ. ಬಜೆಯಿಂದ ಮಾತು ಬರುವುದಿಲ್ಲ, ಹೆಚ್ಚಾದರೆ ವಾಂತಿಯಾಗುತ್ತದೆ, ನಿಲ್ಲಿಸಿ.

ಮನೆಯಲ್ಲೇ ಒಂದಿಷ್ಟು ಗಮನಿಸಿ. ಟಿ.ವಿ. ಆರಿಸಿ, ಕೈಸನ್ನೆ ಮಾಡದೆ ‘ಚೆಂಡು ತಗೊಂಡು ಬಾ’ ಎನ್ನಿ. ತರುತ್ತಾನೆಯೇ? ಹೆಸರು ಕರೆದರೆ ತಿರುಗುತ್ತಾನೆಯೇ? ಆಕಾಶದಲ್ಲಿ ವಿಮಾನ ಕಂಡರೆ ಬೆರಳು ಮಾಡಿ ನಿಮಗೂ ತೋರಿಸುತ್ತಾನೆಯೇ? ಇವೆಲ್ಲ ಇದ್ದರೆ ಒಳ್ಳೆಯ ಲಕ್ಷಣ. ಇಲ್ಲದಿದ್ದರೆ, ಅಥವಾ ಬಂದ ಮಾತೇ ನಿಂತುಹೋಗಿದ್ದರೆ, ಈ ವಾರವೇ ಮಕ್ಕಳ ವೈದ್ಯರಿಗೆ ತೋರಿಸಿ.

ಮೊದಲು ಆಗಬೇಕಾದ್ದು ಕಿವಿಯ ಪರೀಕ್ಷೆ. ತುಮಕೂರು ರಸ್ತೆಯ ಲಾರಿ ಹಾರ್ನ್‌ಗೆ ತಿರುಗಿದ ಮಾತ್ರಕ್ಕೆ ಕಿವಿ ಸರಿಯಿದೆ ಎಂದಲ್ಲ. ಮೆಲುದನಿಯ ಅಕ್ಷರಗಳು ಕೇಳದಿದ್ದರೂ ಮಾತು ಹಿಂದೆ ಬೀಳುತ್ತದೆ. ಕಿವಿ ಕೇಳುತ್ತದೆಯೇ ಎಂದು ನೋಡುವ ಓಎಇ, ಬೆರಾ ಪರೀಕ್ಷೆಗಳಲ್ಲಿ ನೋವಿಲ್ಲ. ಬೆರಾವನ್ನು ಮಗು ನಿದ್ದೆಯಲ್ಲಿದ್ದಾಗ ಮಾಡುತ್ತಾರೆ.

ಎಲ್ಲಿಗೆ ಹೋಗುವುದು? ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಆರೋಗ್ಯ, ಬೆಳವಣಿಗೆ ತಪಾಸಣೆಗೆಂದು 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾಯಿತು. ವೈದ್ಯರ ತಂಡ ಯಾವಾಗ ಬರುತ್ತದೆಂದು ಅಂಗನವಾಡಿ ಟೀಚರ್ ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿ. ನಿಮ್ಹಾನ್ಸ್, ಅದರ ಬಳಿಯ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗೂ ಹೋಗಬಹುದು. ಮಾದಾವರದಲ್ಲಿ ಮೆಟ್ರೊ ಹತ್ತಿ ಲಾಲ್‌ಬಾಗ್‌ನಲ್ಲಿ ಇಳಿದರೆ ಆಮೇಲೆ ಆಟೊ ಸಾಕು. ತಾಯಿ ಕಾರ್ಡ್ ಮರೆಯಬೇಡಿ. ಮಗನ ಮಾತು, ಆಟ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಹೋಗಿ. ಆಸ್ಪತ್ರೆಯಲ್ಲಿ ಮಕ್ಕಳು ಬಾಯಿಯೇ ಬಿಡುವುದಿಲ್ಲ. ಆದರೆ ಊಟ ಮಾಡಿಸಲು ಅದೇ ಮೊಬೈಲ್ ಕೈಗೆ ಕೊಡಬೇಡಿ.

ಪ್ರಶ್ನೆ: ಮಗಳಿಗೆ 13 ತಿಂಗಳು. ಗೋಡೆ ಹಿಡಿದು ನಡೆಯುತ್ತಾಳೆ, ಕೈ ಬಿಡುವುದಿಲ್ಲ. ವಾಕರ್ ಕೊಡಿಸಲೇ?
– ಒಬ್ಬ ತಂದೆ, ದಾಸನಪುರ

ಉತ್ತರ: ಕೊಡಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ ಆರೋಗ್ಯವಂತ ಮಕ್ಕಳು ತಾವಾಗಿಯೇ ನಡೆದದ್ದು ಸುಮಾರು 8ರಿಂದ 17 ತಿಂಗಳ ನಡುವೆ. ನಿಮ್ಮ ಮಗಳು ಹದದಲ್ಲೇ ಇದ್ದಾಳೆ. ವಾಕರ್ ನಡಿಗೆ ಕಲಿಸುವುದಿಲ್ಲ. ಮೆಟ್ಟಿಲಿದ್ದ ಮನೆಯಲ್ಲಿ ಉರುಳಿಸುತ್ತದೆ. ಬರಿಗಾಲಲ್ಲಿ ನೆಲಕ್ಕೆ ಬಿಡಿ. 18 ತಿಂಗಳಾದರೂ ನಡೆಯದಿದ್ದರೆ, ಅಥವಾ ಈಗಲೇ ಒಂದೇ ಕೈ ಬಳಸುತ್ತ ಇನ್ನೊಂದನ್ನು ಮುದುಡಿಕೊಂಡಿದ್ದರೆ, ವೈದ್ಯರಿಗೆ ತೋರಿಸಿ.