ಬಿದ್ದವರ ಹಿಂದೆ ಇಳಿಯಬೇಡಿ

ಪ್ರಶ್ನೆ: ಮನೆಯ ಹಿಂದೆ ಹಳೆಯ ಗೋಬರ್ ಗ್ಯಾಸ್ ಗುಂಡಿ ಇದೆ. ಬಳಸದೆ ಎರಡು ವರ್ಷವಾಯಿತು. ತಳದ ಬಗ್ಗಡ ತೆಗೆಸಬೇಕು. ಮುಚ್ಚಳ ತೆಗೆದು ಎರಡು ದಿನ ಬಿಟ್ಟಿದ್ದೇವೆ, ವಾಸನೆ ಇಲ್ಲ. ಲಾಟೀನು ಇಳಿಸಿ ನೋಡಿ, ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ತಾನೇ ಇಳಿಯುತ್ತೇನೆ ಎನ್ನುತ್ತಾರೆ ನನ್ನ ಭಾವ. ಇಳಿಯಬಹುದೇ?
– ಹೆಸರು ಬೇಡ, ತೀರ್ಥಹಳ್ಳಿ

ಉತ್ತರ: ಬೇಡವೇ ಬೇಡ. ಇದನ್ನು ಓದಿದ ಕೂಡಲೇ ನಿಮ್ಮ ಭಾವನವರಿಗೆ ಹೇಳಿ.

ಸಗಣಿ, ಮಲ, ಮೀನಿನ ತ್ಯಾಜ್ಯ ಯಾವುದೇ ಆಗಲಿ, ಗಾಳಿಯಾಡದ ಕಡೆ ಕೊಳೆತರೆ ಮೀಥೇನ್, ಇಂಗಾಲದ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತವೆ. ಹೈಡ್ರೋಜನ್ ಸಲ್ಫೈಡ್‌ಗೆ ಕೊಳೆತ ಮೊಟ್ಟೆಯ ನಾತ. ಆದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅದು ಸುಮಾರು 100 ಭಾಗ ತಲುಪಿದರೆ ಮೂಗು ಅದನ್ನು ಗ್ರಹಿಸುವುದನ್ನೇ ನಿಲ್ಲಿಸುತ್ತದೆ. ಇಳಿದವರಿಗೆ ವಾಸನೆ ಹೋಯಿತು ಅನ್ನಿಸುತ್ತದೆ, ಅನಿಲ ಅಲ್ಲೇ ಇರುತ್ತದೆ. 500 ಭಾಗ ದಾಟಿದರೆ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತದೆ. 1000ದ ಹತ್ತಿರ ಬಂದರೆ ಒಂದೆರಡು ಉಸಿರೇ ಸಾಕು. ಈ ಅನಿಲ ಗಾಳಿಗಿಂತ ಭಾರ, ಹಾಗಾಗಿ ಮುಚ್ಚಳ ತೆರೆದಿಟ್ಟರೂ ತಳದಲ್ಲೇ ಉಳಿಯಬಹುದು. ಅದಕ್ಕಿಂತ ಹೆಚ್ಚಾಗಿ, ಬಗ್ಗಡದೊಳಗೆ ಸಿಕ್ಕಿಕೊಂಡಿರುವ ಅನಿಲವೇ ಬೇರೆ. ಎರಡು ದಿನ ಶಾಂತವಾಗಿದ್ದ ಗುಂಡಿಗೆ ಇಳಿದು ಗುದ್ದಲಿ ಹಾಕಿದ ಕ್ಷಣ ಅದು ಒಮ್ಮೆಲೇ ಹೊರಬೀಳುತ್ತದೆ.

ಇನ್ನೊಂದು ನಂಬಿಕೆ ಬಹಳ ಜನರ ಜೀವ ತೆಗೆದಿದೆ: ಉಸಿರು ಕಟ್ಟಿದರೆ ಮೇಲೆ ಹತ್ತಿದರಾಯಿತು ಅನ್ನುವುದು. ಉಸಿರುಗಟ್ಟುವ ಸಂಕಟ ನಮಗೆ ಮುಖ್ಯವಾಗಿ ಬರುವುದು ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ. ಮೀಥೇನ್ ತುಂಬಿದ ಕಡೆ ಪ್ರತಿ ನಿಶ್ವಾಸದಲ್ಲೂ ಅದು ಹೊರಗೆ ಹೋಗುತ್ತಲೇ ಇರುತ್ತದೆ, ಆದರೆ ಒಳಗೆ ಬರುವ ಗಾಳಿಯಲ್ಲಿ ಆಮ್ಲಜನಕ ಇರುವುದಿಲ್ಲ. ಸಂಕಟವೇ ಆಗದೆ ಕಾಲು ಕುಸಿಯುತ್ತದೆ, ಏಣಿಯ ಕಡೆ ತಿರುಗಲೂ ಆಗುವುದಿಲ್ಲ. ಹೊರಗಿನ ಗಾಳಿಯಲ್ಲಿ ಶೇ 20.9ರಷ್ಟು ಆಮ್ಲಜನಕ ಇದೆ. ಶೇ 19.5ಕ್ಕಿಂತ ಕೆಳಗೆ ಹೋದರೆ ಅಲ್ಲಿ ಯಾರೂ ಕೆಲಸ ಮಾಡಬಾರದು.

ಒದ್ದೆ ಬಟ್ಟೆಯಾಗಲಿ, ಕೋವಿಡ್ ಕಾಲದ ಮಾಸ್ಕ್ ಆಗಲಿ ಅನಿಲವನ್ನು ತಡೆಯುವುದಿಲ್ಲ, ಇಲ್ಲದ ಆಮ್ಲಜನಕವನ್ನು ಕೊಡುವುದೂ ಇಲ್ಲ. ಲಾಟೀನಿನ ಪರೀಕ್ಷೆ ಹಿರಿಯರಿಂದ ಬಂದದ್ದು ನಿಜ. ಆದರೆ ದೀಪ ಉರಿಯುತ್ತಿದ್ದರೂ ಜೀವ ತೆಗೆಯುವಷ್ಟು ಹೈಡ್ರೋಜನ್ ಸಲ್ಫೈಡ್ ಇರಬಹುದು. ಗಾಳಿಯಲ್ಲಿ ಮೀಥೇನ್ ಶೇ 5ರಿಂದ 15ರ ನಡುವೆ ಇದ್ದರಂತೂ ಅದೇ ಲಾಟೀನು ಗುಂಡಿಯನ್ನು ಸ್ಫೋಟಿಸುತ್ತದೆ.

ಗುಂಡಿಗೆ ನೀರು ಬಿಟ್ಟು ಬಗ್ಗಡ ತೆಳುಮಾಡಿ, ಮೇಲಿನಿಂದಲೇ ಪಂಪಿನಲ್ಲೋ ಹೀರುವ ಯಂತ್ರದ ಲಾರಿಯಲ್ಲೋ ತೆಗೆಸಿ. ದುರಸ್ತಿಗೆ ಮನುಷ್ಯ ಇಳಿಯಲೇಬೇಕಾದರೆ ಅದು ತರಬೇತಿ ಪಡೆದವರ ಕೆಲಸ. ಅವರು ಅನಿಲ ಅಳೆಯುವ ಉಪಕರಣವನ್ನು ಹಗ್ಗದಲ್ಲಿ ಇಳಿಸಿ ಮೇಲೆ, ನಡುವೆ, ತಳದಲ್ಲಿ ನೋಡುತ್ತಾರೆ. ಬ್ಲೋವರ್ ನಿಲ್ಲಿಸದೆ ಹೊಸ ಗಾಳಿ ಊದುತ್ತಾರೆ. ಎದೆಗೆ ಬೆಲ್ಟ್ ಕಟ್ಟಿರುತ್ತದೆ, ಅದರ ಹಗ್ಗ ಮೇಲಿನ ರಾಟೆಯಲ್ಲಿರುತ್ತದೆ, ಮೇಲೊಬ್ಬರು ಕಣ್ಣು ತೆಗೆಯದೆ ನಿಂತಿರುತ್ತಾರೆ. ಬೆಲ್ಟಿನ ಮಹತ್ವ ಎಂದರೆ, ಪ್ರಜ್ಞೆ ತಪ್ಪಿದವರನ್ನು ಯಾರೂ ಇಳಿಯದೆ ಎತ್ತಬಹುದು.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಬಜಪೆ ಬಳಿಯ ಮೀನು ಸಂಸ್ಕರಣಾ ಘಟಕದಲ್ಲಿ ಒಬ್ಬ ಕಾರ್ಮಿಕ ತ್ಯಾಜ್ಯದ ತೊಟ್ಟಿಯಲ್ಲಿ ಕುಸಿದುಬಿದ್ದ. ಅವನನ್ನು ಎತ್ತಲು ಹೋದವರೂ ಅನಿಲಕ್ಕೆ ಸಿಕ್ಕಿದರು. ಸತ್ತವರು ಐದು ಜನ, ಎಲ್ಲರೂ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದವರು. ಇಂಥ ಸಾವುಗಳಲ್ಲಿ ಶೇ 60ಕ್ಕೂ ಹೆಚ್ಚು ಮಂದಿ ಕಾಪಾಡಲು ಇಳಿದವರು ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ 1986ರಲ್ಲೇ ಎಚ್ಚರಿಸಿತ್ತು. ಮಗ ಬಿದ್ದಾಗ ಅಪ್ಪ ಹಾರುತ್ತಾನೆ, ಅಣ್ಣ ಬಿದ್ದಾಗ ತಮ್ಮ. ಆ ಪ್ರೀತಿಗೆ ತಡೆ ಹಾಕುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಆದರೂ ಹೇಳುತ್ತೇನೆ: ಇಳಿಯಬೇಡಿ, 112ಕ್ಕೆ ಕರೆ ಮಾಡಿ, ಅನಿಲದ ಗುಂಡಿ ಎಂದು ಸ್ಪಷ್ಟವಾಗಿ ಹೇಳಿ. ಅಗ್ನಿಶಾಮಕದವರು ಬರುವವರೆಗೆ ಮೇಲಿನಿಂದಲೇ ಬ್ಲೋವರಿನಲ್ಲಿ ಗಾಳಿ ಊದಿ. ಹೊರತೆಗೆದ ಮೇಲೆ ಉಸಿರಿಲ್ಲದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಜೋರಾಗಿ ಒತ್ತುತ್ತಿರಿ.

ಪ್ರಶ್ನೆ: ಮೂರು ವಾರದ ಹಿಂದೆ ನಮ್ಮವರು ಬಾವಿಯೊಳಗೆ ಡೀಸೆಲ್ ಪಂಪ್ ಇಟ್ಟು ಹೂಳು ತೆಗೆಸುವಾಗ ತಲೆಸುತ್ತಿ ಬಿದ್ದಿದ್ದರು. ಆವತ್ತೇ ಸುಧಾರಿಸಿಕೊಂಡರು, ಬೆರಳಿಗೆ ಹಾಕುವ ಯಂತ್ರದಲ್ಲಿ ಆಮ್ಲಜನಕ 98 ಇತ್ತು. ಈಗ ಮಾತು ಮರೆಯುತ್ತಾರೆ, ಸುಮ್ಮನೆ ಸಿಡುಕುತ್ತಾರೆ. ಸಂಬಂಧ ಇರಬಹುದೇ?
– ಒಬ್ಬ ಗೃಹಿಣಿ, ಹಾವೇರಿ

ಉತ್ತರ: ಇರಬಹುದು. ಇಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ಬಣ್ಣ ವಾಸನೆ ಎರಡೂ ಇಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಕೊಂಡಿದ್ದರೂ ಬೆರಳಿನ ಯಂತ್ರಕ್ಕೆ ವ್ಯತ್ಯಾಸ ತಿಳಿಯದೆ 98 ಎಂದೇ ತೋರಿಸಬಹುದು. ಕೆಲವರಲ್ಲಿ ಮಿದುಳಿನ ತೊಂದರೆ ದಿನಗಳ ನಂತರ, ವಾರಗಳ ನಂತರವೂ ಕಾಣಿಸಿಕೊಳ್ಳುತ್ತದೆ. ತಡಮಾಡದೆ ನರರೋಗ ತಜ್ಞರಿಗೆ ತೋರಿಸಿ, ಬಾವಿಯ ವಿಷಯವನ್ನು ಮೊದಲೇ ತಿಳಿಸಿ. ಹಲವರು ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಇನ್ನು ಮುಂದೆ ಆ ಇಂಜಿನ್ ಬಾವಿಯ ಹೊರಗೇ ಇರಲಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಸೆಪ್ಟಿಕ್ ಟ್ಯಾಂಕಿಗೆ ಇಳಿಯುವವರು ಮೊದಲು ಕುಡಿಯಲು ಹಣ ಕೇಳುತ್ತಾರೆ. ಸ್ವಇಚ್ಛೆಯಿಂದ ಇಳಿಯುತ್ತೇವೆಂದು ಬರೆದುಕೊಡುತ್ತಾರೆ. ಸಾಕಲ್ಲವೇ?
– ಸಂಘದ ಕಾರ್ಯದರ್ಶಿ, ಬೆಂಗಳೂರು

ಉತ್ತರ: ಆ ಕೆಲಸ ಪ್ರಜ್ಞೆ ಇದ್ದವರಿಗೆ ಸಹಿಸಲಾಗದ್ದು, ಅದಕ್ಕೇ ಅವರು ಕುಡಿಯುತ್ತಾರೆ. ಕುಡಿದವರಿಗೆ ಅಪಾಯದ ಮೊದಲ ಸೂಚನೆಗಳೂ ತಿಳಿಯುವುದಿಲ್ಲ. ರಕ್ಷಣಾ ಸಾಮಗ್ರಿಯಿಲ್ಲದೆ ಯಾರನ್ನಾದರೂ ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಇಳಿಯುವವರ ಸಹಿ ನಿಮ್ಮನ್ನು ಕಾಯುವುದಿಲ್ಲ. ಹೀರುವ ಯಂತ್ರದ ಲಾರಿಗೆ ಫೋನ್ ಮಾಡಿ, ಲಾರಿಯವರು ಸಹಾಯಕನನ್ನು ಟ್ಯಾಂಕಿಗೆ ಇಳಿಸಲು ಹೊರಟರೆ ಅಲ್ಲೇ ನಿಂತು ತಡೆಯಿರಿ.